ಸಿ ಥ್ರೆಡ್ ಪೈಥಾನನ್ನು ಕರೆದಾಗ ಬೀಳುವ ಪ್ರೋಗ್ರಾಂ: ಕ್ರ್ಯಾಶ್ ಹಿಡಿಯುವ ಸಮಗ್ರ ಮಾರ್ಗದರ್ಶಿ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಹೈಡ್ರಾಲಿಕ್ ಪಂಪ್, ವಾಲ್ವ್ ಮಾಡುವ ಶೆಡ್‌ಗಳಿಗೆ ಹೋದರೆ ಒಂದು ಮೂಲೆಯಲ್ಲಿ ಟೆಸ್ಟ್ ಬೆಂಚ್ ಕಾಣುತ್ತದೆ. ಪ್ರೆಷರ್ ಸೆನ್ಸರ್, ಅದಕ್ಕೊಂದು ಡೇಟಾ ಕಾರ್ಡ್, ಪಕ್ಕದಲ್ಲಿ ಒಂದು ಹಳೆಯ ಪಿಸಿ. ಕಾರ್ಡ್ ಮಾರಿದವರು ಸಿ ಭಾಷೆಯ ಲೈಬ್ರರಿ ಕೊಟ್ಟಿರುತ್ತಾರೆ. ಗ್ರಾಫ್, ರಿಪೋರ್ಟ್, ಪಾಸ್ ಫೇಲ್ ಲೆಕ್ಕ ಎಲ್ಲ ಪೈಥಾನ್‌ನಲ್ಲಿ. ಲೈಬ್ರರಿ ತನ್ನದೇ ಥ್ರೆಡ್ (ಪ್ರೋಗ್ರಾಂ ಒಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ಹುಟ್ಟಿಸಿಕೊಂಡು, ಬಫರ್ ತುಂಬಿದಾಗಲೆಲ್ಲ ನಿಮ್ಮ ಪೈಥಾನ್ ಫಂಕ್ಷನ್ ಕರೆಯುತ್ತದೆ. ಹೀಗೆ ಲೈಬ್ರರಿ ಕರೆಯುವ ಫಂಕ್ಷನ್ನೇ ಕಾಲ್‌ಬ್ಯಾಕ್. ಬೆಳಿಗ್ಗೆಯೆಲ್ಲ ಚೆನ್ನಾಗಿಯೇ ನಡೆಯುತ್ತದೆ. ಮಧ್ಯಾಹ್ನ ಆಪರೇಟರ್ ಫೋನ್: "ಸರ್, ಮತ್ತ ಬಂದ್ ಬಿತ್ರೀ." ಹೋಗಿ ನೋಡಿದರೆ ಟ್ರೇಸ್‌ಬ್ಯಾಕ್ (ತಪ್ಪು ಎಲ್ಲಾಯಿತೆಂದು ಪೈಥಾನ್ ಕೊಡುವ ವರದಿ) ಇಲ್ಲ. ಇರುವುದು "ಸೆಗ್ಮೆಂಟೇಶನ್ ಫಾಲ್ಟ್" ಎಂಬ ಒಂದೇ ಸಾಲು, ಅಂದರೆ ಪ್ರೋಗ್ರಾಂ ಮುಟ್ಟಬಾರದ ಮೆಮೊರಿ ಮುಟ್ಟಿದೆ.

ಇಂಥ ಕ್ರ್ಯಾಶ್‌ನಲ್ಲಿ ತಪ್ಪು ನಡೆಯುವುದು ಒಂದು ಕಡೆ, ಪ್ರೋಗ್ರಾಂ ಸಾಯುವುದು ಇನ್ನೊಂದು ಕಡೆ. ಎರಡರ ನಡುವೆ ಕೆಲವು ಮಿಲಿಸೆಕೆಂಡ್ ಇರಬಹುದು, ಅರ್ಧ ದಿನವೂ ಇರಬಹುದು. ಹಾಗಾಗಿ ಸತ್ತ ಸಾಲನ್ನು ದಿಟ್ಟಿಸುತ್ತಾ ಕೂತರೆ ಪ್ರಯೋಜನ ಕಡಿಮೆ. ಕ್ರ್ಯಾಶನ್ನೇ ತಪ್ಪಿನ ಹತ್ತಿರಕ್ಕೆ ಎಳೆದು ತರಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ. ಉದಾಹರಣೆಗಳು ಲಿನಕ್ಸ್ ಮೇಲಿನ ಸಾಮಾನ್ಯ ಸಿಪೈಥಾನ್‌ನವು (ಎಲ್ಲರೂ ಬಳಸುವ, ಸಿಯಲ್ಲಿ ಬರೆದ ಪೈಥಾನ್). ಫಂಕ್ಷನ್, ಕಮಾಂಡ್ ಹೆಸರುಗಳನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ.

ಮೊದಲು ಗಿಲ್ ಅರ್ಥವಾಗಲಿ

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಥ್ರೆಡ್ ಒಂದು ಪೇಪರ್‌ನಲ್ಲಿ, ಪೈಥಾನ್ ಇನ್ನೊಂದು ಪೇಪರ್‌ನಲ್ಲಿ ಬರುತ್ತದೆ. ಎರಡೂ ಸೇರುವ ಜಾಗವನ್ನು ಯಾರೂ ಕಲಿಸಿರುವುದಿಲ್ಲ, ಅಲ್ವಾ? ಆ ಜಾಗದ ಹೆಸರು ಗ್ಲೋಬಲ್ ಇಂಟರ್‌ಪ್ರಿಟರ್ ಲಾಕ್. ಎಲ್ಲರೂ ಗಿಲ್ ಎನ್ನುತ್ತಾರೆ. ಒಂದೇ ಹಳಿಯ ರೈಲು ಮಾರ್ಗದಲ್ಲಿ ಡ್ರೈವರ್ ಕೈಗೆ ಕೊಡುತ್ತಿದ್ದ ಟೋಕನ್ ಇದ್ದಂತೆ ಅದು. ಟೋಕನ್ ಕೈಯಲ್ಲಿದ್ದವನಿಗೆ ಮಾತ್ರ ಹಳಿಯ ಮೇಲೆ ಹೋಗುವ ಹಕ್ಕು.

ಪೈಥಾನ್ ವಸ್ತುಗಳನ್ನು ಮುಟ್ಟಲು ಒಂದು ಥ್ರೆಡ್‌ಗೆ ಎರಡು ಬೇಕು. ಒಂದು, ಗಿಲ್ ಅದರ ಕೈಯಲ್ಲಿರಬೇಕು. ಇನ್ನೊಂದು, ಅದರ ಹೆಸರಿನಲ್ಲಿ ಥ್ರೆಡ್ ಸ್ಟೇಟ್ ಎಂಬ ಸಣ್ಣ ದಾಖಲೆ ಇರಬೇಕು. ಪೈಥಾನ್‌ನ ಥ್ರೆಡಿಂಗ್ ಮಾಡ್ಯೂಲ್ ಹುಟ್ಟಿಸಿದ ಥ್ರೆಡ್‌ಗೆ ಇವೆರಡೂ ತಾನಾಗಿ ಸಿಗುತ್ತವೆ. ಸಿ ಲೈಬ್ರರಿ ಪಿಥ್ರೆಡ್_ಕ್ರಿಯೇಟ್ ಮಾಡಿ ಹುಟ್ಟಿಸಿದ ಥ್ರೆಡ್‌ಗೆ ಎರಡೂ ಇರುವುದಿಲ್ಲ. ಪೈಥಾನ್‌ಗೆ ಆ ಥ್ರೆಡ್ ಇದೆ ಎಂಬುದೇ ಗೊತ್ತಿಲ್ಲ.

ಹಾಗೇ ಒಳಗೆ ನುಗ್ಗಿದರೆ ಏನಾಗುತ್ತದೆ? ಪ್ರತಿ ಪೈಥಾನ್ ವಸ್ತುವಿಗೂ ಒಂದು ರೆಫರೆನ್ಸ್ ಎಣಿಕೆ ಇದೆ. ಸಾಮಾನ್ಯ ಬಿಲ್ಡ್‌ನಲ್ಲಿ ಆ ಎಣಿಕೆಗೆ ಯಾವ ಕಾವಲೂ ಇಲ್ಲ, ಗಿಲ್ ಒಂದೇ ಕಾವಲು. ಎರಡು ಥ್ರೆಡ್ ಒಂದೇ ಕ್ಷಣದಲ್ಲಿ ಎಣಿಕೆ ಏರಿಸಿದರೆ ಒಂದು ಏರಿಕೆ ಕಳೆದುಹೋಗುತ್ತದೆ. ಇನ್ನೂ ಬಳಕೆಯಲ್ಲಿರುವ ವಸ್ತುವಿನ ಎಣಿಕೆ ಬೇಗ ಸೊನ್ನೆಗೆ ಬಂದು ಮೆಮೊರಿ ಖಾಲಿಯಾಗುತ್ತದೆ. ಆ ಜಾಗಕ್ಕೆ ಬೇರೇನೋ ಬಂದು ಕೂರುತ್ತದೆ. ಸಾವು ಬರುವುದು ಆಮೇಲೆ, ಯಾವುದೋ ಸಂಬಂಧವಿಲ್ಲದ ಸಾಲಿನಲ್ಲಿ.

"ಮೊದಲು ಸರಿ ಇತ್ತು, ಪೈಥಾನ್ 3.12ಕ್ಕೆ ಹೋದ ಮೇಲೆ ಬೀಳ್ತಿದೆ" ಎಂಬ ದೂರಿಗೂ ಉತ್ತರ ಇಲ್ಲೇ ಇದೆ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ "ಈಗಿನ ಥ್ರೆಡ್ ಸ್ಟೇಟ್" ಇಡೀ ಪ್ರೋಗ್ರಾಂಗೆ ಒಂದೇ ಕಡೆ ಇರುತ್ತಿತ್ತು. ಗಿಲ್ ಇಲ್ಲದ ಥ್ರೆಡ್ ಕೇಳಿದರೂ ಬೇರೆಯವರ ದಾಖಲೆ ಸಿಕ್ಕಿ, ಕೆಲಸ ನಡೆದಂತೆ ಕಾಣುತ್ತಿತ್ತು. 3.12ರಿಂದ ಅದು ಪ್ರತಿ ಥ್ರೆಡ್‌ನ ಸ್ವಂತ ಜಾಗದಲ್ಲಿದೆ. ದಾಖಲೆ ಇಲ್ಲದವರಿಗೆ ಸಿಗುವುದು ನಲ್ (ಖಾಲಿ ವಿಳಾಸ), ತಕ್ಷಣ ಕ್ರ್ಯಾಶ್. ಹೊಸ ಆವೃತ್ತಿಯನ್ನು ಬೈಯಬೇಡಿ. ಬಗ್ ಮೊದಲಿಂದಲೂ ಇತ್ತು.

ಹಂತ 1: ನಿಜಕ್ಕೂ ಕ್ರ್ಯಾಶೇನಾ?

ಎಕ್ಸಿಟ್ ಕೋಡ್ ನೋಡಿ. 139 ಎಂದರೆ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ 128ಕ್ಕೆ ಸಿಗ್ನಲ್ ಸಂಖ್ಯೆ 11 ಸೇರಿದ್ದು. 134 ಎಂದರೆ ಅಬಾರ್ಟ್: ಪೈಥಾನೋ ಸಿ ಲೈಬ್ರರಿಯೋ ತಪ್ಪನ್ನು ಕಂಡು ತಾನೇ ನಿಲ್ಲಿಸಿದೆ. 137 ಆದರೆ ಹೊರಗಿನಿಂದ ಯಾರೋ ಕೊಂದಿದ್ದಾರೆ. ಹೆಚ್ಚಾಗಿ ಮೆಮೊರಿ ತುಂಬಿ ಕರ್ನಲ್ ಕೊಂದಿರುತ್ತದೆ, ಅದಕ್ಕೆ ಈ ಲೇಖನ ಬೇಡ. ಪ್ರೋಗ್ರಾಂ ಸಾಯದೆ ಸುಮ್ನೆ ನಿಂತುಬಿಟ್ಟಿದ್ದರೆ ಅದು ಡೆಡ್‌ಲಾಕ್. ಆ ಕಥೆ ಮುಂದೆ ಬರುತ್ತದೆ.

ಹಂತ 2: ಸಾಕ್ಷಿ ಉಳಿಸಿಕೊಳ್ಳಿ

ಎರಡು ಸಾಕ್ಷಿ ಬೇಕು. ಮೊದಲನೆಯದು ಫಾಲ್ಟ್‌ಹ್ಯಾಂಡ್ಲರ್. ಪೈಥಾನ್ 3.3ರಿಂದ ಜೊತೆಯಲ್ಲೇ ಬರುತ್ತದೆ. ಪೈಥಾನ್ ಶುರು ಮಾಡುವಾಗ "-ಎಕ್ಸ್ ಫಾಲ್ಟ್‌ಹ್ಯಾಂಡ್ಲರ್" ಸೇರಿಸಿ. ಇಲ್ಲವೇ ಕೋಡ್ ಆರಂಭದಲ್ಲಿ ಫಾಲ್ಟ್‌ಹ್ಯಾಂಡ್ಲರ್.ಎನೇಬಲ್ ಕರೆದು ಒಂದು ಲಾಗ್ ಫೈಲ್ ಕೊಡಿ. ಬೆಂಚ್ ಪಿಸಿಯಲ್ಲಿ ಟರ್ಮಿನಲ್ ಮುಂದೆ ಯಾರೂ ಇರುವುದಿಲ್ಲ, ಫೈಲೇ ಒಳ್ಳೆಯದು. ಕ್ರ್ಯಾಶ್ ಆದಾಗ ಎಲ್ಲ ಪೈಥಾನ್ ಥ್ರೆಡ್‌ಗಳ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಎಂಬ ಪಟ್ಟಿ) ಅದರಲ್ಲಿ ಬೀಳುತ್ತದೆ.

ಆ ಲಾಗ್ ಓದುವಾಗ ಒಂದು ಗುಟ್ಟು ತಿಳಿದಿರಲಿ. ಸಾಮಾನ್ಯವಾಗಿ ಒಂದು ಥ್ರೆಡ್‌ಗೆ "ಕರೆಂಟ್ ಥ್ರೆಡ್" ಎಂಬ ಗುರುತು ಇರುತ್ತದೆ. ಸತ್ತದ್ದು ಆ ಥ್ರೆಡ್. ಯಾವ ಥ್ರೆಡ್‌ಗೂ ಆ ಗುರುತು ಇಲ್ಲದಿದ್ದರೆ, ಸತ್ತ ಥ್ರೆಡ್ ಪೈಥಾನ್‌ಗೆ ಗೊತ್ತೇ ಇಲ್ಲದ್ದು ಎಂದರ್ಥ. ಅರ್ಧ ಕೇಸ್ ಅಲ್ಲೇ ಮುಗಿಯಿತು.

ಎರಡನೆಯದು ಕೋರ್ ಡಂಪ್, ಸತ್ತ ಕ್ಷಣದ ಪ್ರೋಗ್ರಾಂ ಮೆಮೊರಿಯ ನಕಲು. ಶೆಲ್‌ನಲ್ಲಿ "ಯುಲಿಮಿಟ್ -ಸಿ ಅನ್‌ಲಿಮಿಟೆಡ್" ಕೊಟ್ಟು ಪ್ರೋಗ್ರಾಂ ಓಡಿಸಿ. ಸಿಸ್ಟಂಡಿ ಸರ್ವಿಸ್ ಆಗಿದ್ದರೆ ಸರ್ವಿಸ್ ಫೈಲ್‌ನಲ್ಲಿ "ಲಿಮಿಟ್‌ಕೋರ್=ಇನ್ಫಿನಿಟಿ" ಹಾಕಿ. ಸಿಸ್ಟಂಡಿ ಕೋರ್‌ಡಂಪ್ ಇರುವ ಕಡೆ "ಕೋರ್‌ಡಂಪ್‌ಸಿಟಿಎಲ್ ಲಿಸ್ಟ್" ಪಟ್ಟಿ ಕೊಡುತ್ತದೆ. "ಕೋರ್‌ಡಂಪ್‌ಸಿಟಿಎಲ್ ಜಿಡಿಬಿ" ಎಂದರೆ ಕೊನೆಯ ಕ್ರ್ಯಾಶ್ ನೇರ ಜಿಡಿಬಿ ಎಂಬ ಡಿಬಗರ್‌ನಲ್ಲಿ ತೆರೆಯುತ್ತದೆ. ಡೆಬಿಯನ್, ಉಬುಂಟುನಲ್ಲಿ ಪೈಥಾನ್3-ಡಿಬಿಜಿ ಪ್ಯಾಕೇಜ್ ಹಾಕಿಕೊಳ್ಳಿ. ಇಲ್ಲದಿದ್ದರೆ ಸ್ಟ್ಯಾಕ್ ತುಂಬ ಪ್ರಶ್ನಾರ್ಥಕ ಚಿಹ್ನೆಗಳೇ ಕಾಣುತ್ತವೆ.

ಹಂತ 3: ಸ್ಟ್ಯಾಕನ್ನು ಕೆಳಗಿನಿಂದ ಓದಿ

ಜಿಡಿಬಿಯಲ್ಲಿ "ಥ್ರೆಡ್ ಅಪ್ಲೈ ಆಲ್ ಬಿಟಿ" ಕೊಡಿ. ಎಲ್ಲರ ಕಣ್ಣೂ ಮೇಲಿನ ಸಾಲಿಗೆ ಹೋಗುತ್ತದೆ. ನೀವು ಕೆಳಗಿನಿಂದ ಶುರು ಮಾಡಿ. ಈ ಥ್ರೆಡ್ ಯಾರು ಹುಟ್ಟಿಸಿದ್ದು ಎಂಬುದು ತಳದಲ್ಲಿ ಬರೆದಿರುತ್ತದೆ. ತಳದಲ್ಲಿ ಮೇನ್, ಪೈ_ರನ್‌ಮೇನ್ ಕಂಡರೆ ಮುಖ್ಯ ಥ್ರೆಡ್. ಪೈಥ್ರೆಡ್_ರ‍್ಯಾಪರ್, ಥ್ರೆಡ್_ರನ್ ಕಂಡರೆ ಪೈಥಾನೇ ಹುಟ್ಟಿಸಿದ್ದು. ಸ್ಟಾರ್ಟ್_ಥ್ರೆಡ್ ಆದ ಕೂಡಲೇ ಕಾರ್ಡ್ ಲೈಬ್ರರಿಯ ಹೆಸರು ಬಂದರೆ ಅದೇ ನಮ್ಮ ಹೊರಗಿನವನು.

ಈಗ ಮೇಲಿನ ಸಾಲುಗಳು. ಲೈಬ್ರರಿಯ ಕಾಲ್‌ಬ್ಯಾಕ್ ಮೇಲೆ ನೇರವಾಗಿ ಪೈಆಬ್ಜೆಕ್ಟ್_ಕಾಲ್ ತರಹದ ಸಾಲು ಬಂದು, ನಡುವೆ ಗಿಲ್ ತೆಗೆದುಕೊಂಡ ಸುಳಿವೇ ಇಲ್ಲದಿದ್ದರೆ ಕಾರಣ ಬಹುತೇಕ ಸಿಕ್ಕಂತೆ. ಪೈಆಬ್ಜೆಕ್ಟ್_ಮ್ಯಾಲಕ್ ಒಳಗೋ ಗಾರ್ಬೇಜ್ ಕಲೆಕ್ಟರ್ (ಬೇಡದ ವಸ್ತುಗಳನ್ನು ತೆರವು ಮಾಡುವ ಭಾಗ) ಒಳಗೋ ಸತ್ತಿದ್ದರೆ ಆ ಸಾಲನ್ನು ನಂಬಬೇಡಿ. ಮೆಮೊರಿ ಹಿಂದೆಯೇ ಕೆಟ್ಟಿದೆ, ಕಲೆಕ್ಟರ್ ಅದನ್ನು ತುಳಿದಿದೆ ಅಷ್ಟೇ. ಸ್ಟ್ಯಾಕ್ ಮೇಲ್ಭಾಗ ಯಾವ ಫೈಲಿಗೂ ಸೇರದ ವಿಳಾಸವಾಗಿದ್ದರೆ, ಸತ್ತುಹೋದ ಕಾಲ್‌ಬ್ಯಾಕನ್ನು ಯಾರೋ ಕರೆದಿದ್ದಾರೆ. ಪೈಥಾನ್ ಕಡೆಯ ಸಾಲುಗಳು ಬೇಕಾದರೆ "ಪೈ-ಬಿಟಿ" ಕೊಡಿ.

ಹಂತ 4: ಕ್ರ್ಯಾಶನ್ನು ಹತ್ತಿರಕ್ಕೆ ಎಳೆಯಿರಿ

ಜಾಸ್ತಿ ಸಮಯ ಇಲ್ಲಿಗೆ ಕೊಡಿ.

ಮೊದಲ ಕೆಲಸ, ಬೆಂಚ್ ಬಿಟ್ಟು ಹೊರಬನ್ನಿ. ಎಣ್ಣೆ ವಾಸನೆಯಲ್ಲಿ ಕೂತು ಕ್ರ್ಯಾಶ್‌ಗಾಗಿ ಕಾಯುವುದು ಬೇಡ. ನೂರು ಸಾಲಿನ ಒಂದು ನಕಲಿ ಲೈಬ್ರರಿ ಸಿಯಲ್ಲಿ ಬರೆಯಿರಿ. ಎಂಟು ಪಿಥ್ರೆಡ್ ಹುಟ್ಟಿಸಿ, ಪ್ರತಿಯೊಂದೂ ನಿದ್ದೆ ಇಲ್ಲದೆ ಕಾಲ್‌ಬ್ಯಾಕ್ ಕರೆಯುತ್ತಿರಲಿ. ಕಾರ್ಡ್ ಬೇಡ, ಪಂಪ್ ಬೇಡ. ಅರ್ಧ ದಿನಕ್ಕೊಮ್ಮೆ ಬರುತ್ತಿದ್ದ ಕ್ರ್ಯಾಶ್ ಹೀಗೆ ಎಷ್ಟೋ ಸಲ ಕೆಲವೇ ಸೆಕೆಂಡಿಗೆ ಬರುತ್ತದೆ. ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳ ವೇಬ್ರಿಡ್ಜ್ ಸಾಫ್ಟ್‌ವೇರ್‌ಗೂ ಇದೇ ಮಾತು ಅನ್ವಯ. ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಸಾಲು ನಿಂತಾಗ ಬರುವ ಒತ್ತಡವನ್ನು ಮೇಜಿನ ಮೇಲೇ ತರಬೇಕು. ಸೀಸನ್ ಬರಲಿ ಎಂದು ಕಾಯಬಾರದು.

ಎರಡನೆಯದು, "-ಎಕ್ಸ್ ಡೆವ್". ಒಂದೇ ಕಡೆ ಇಷ್ಟು ಲಾಭ ಕೊಡುವ ಬೇರೆ ಸ್ವಿಚ್ ನನಗೆ ಗೊತ್ತಿಲ್ಲ. 3.7ರಲ್ಲಿ ಬಂದದ್ದು. ಫಾಲ್ಟ್‌ಹ್ಯಾಂಡ್ಲರ್ ಆನ್ ಆಗುತ್ತದೆ, ಜೊತೆಗೆ ಮೆಮೊರಿ ಹಂಚುವ ಫಂಕ್ಷನ್‌ಗಳಿಗೆ ಕಾವಲು ಬರುತ್ತದೆ. ಗಿಲ್ ಇಲ್ಲದೆ ಪೈಥಾನ್ ಮೆಮೊರಿ ಕೇಳಿದ ಕ್ಷಣವೇ "ಗಿಲ್ ಇಲ್ಲದೆ ಕರೆದಿದ್ದೀರಿ" ಎಂಬ ಅರ್ಥದ ಫೇಟಲ್ ಎರರ್ ಕೊಟ್ಟು ನಿಲ್ಲಿಸುತ್ತದೆ. ಸಾವು ತಪ್ಪಿನ ಸಾಲಿಗೇ ಬಂತು. ಬಿಟ್ಟುಕೊಟ್ಟ ಮೆಮೊರಿಯನ್ನು ಹೆಕ್ಸ್ ಡಿಡಿ ಬೈಟ್‌ಗಳಿಂದ ತುಂಬುತ್ತದೆ, ಹೊಸದನ್ನು ಸಿಡಿಯಿಂದ, ಅಂಚುಗಳನ್ನು ಎಫ್‌ಡಿಯಿಂದ. ಜಿಡಿಬಿಯಲ್ಲಿ ಯಾವುದಾದರೂ ಪಾಯಿಂಟರ್ "ಡಿಡಿಡಿಡಿಡಿಡಿಡಿ" ಎಂದು ಸಾಲಾಗಿ ಕಂಡರೆ, ಸತ್ತ ವಸ್ತುವನ್ನು ಮುಟ್ಟಿದ್ದೀರಿ. 3.8ಕ್ಕಿಂತ ಹಳೆಯದಾದರೆ ಇವು ಡಿಬಿ, ಸಿಬಿ, ಎಫ್‌ಬಿ.

ಮೂರನೆಯದು, ಥ್ರೆಡ್‌ಗಳ ಅದಲುಬದಲು ಹೆಚ್ಚಿಸಿ. ಗಿಲ್‌ಗಾಗಿ ಇನ್ನೊಬ್ಬರು ಕಾಯುತ್ತಿದ್ದರೆ ಪೈಥಾನ್ ಸಾಮಾನ್ಯವಾಗಿ 5 ಮಿಲಿಸೆಕೆಂಡ್ ಆದ ಮೇಲೆ ಬಿಟ್ಟುಕೊಡುತ್ತದೆ. ಸಿಸ್.ಸೆಟ್‌ಸ್ವಿಚ್‌ಇಂಟರ್ವಲ್‌ನಿಂದ ಅದನ್ನು ಒಂದು ಮೈಕ್ರೋಸೆಕೆಂಡಿಗೆ ಇಳಿಸಿ. ಅಡಗಿದ್ದ ರೇಸ್‌ಗಳು (ಥ್ರೆಡ್‌ಗಳ ಪೈಪೋಟಿಯಿಂದ ಆಗುವ ತಪ್ಪುಗಳು) ಹೊರಬೀಳುತ್ತವೆ.

ನಾಲ್ಕನೆಯದು, ನಿಮ್ಮ ಸಿ ಕೋಡ್ ಪೈಥಾನ್ ಮುಟ್ಟುವ ಪ್ರತಿ ಜಾಗದಲ್ಲೂ "ಅಸರ್ಟ್ ಪೈಗಿಲ್‌ಸ್ಟೇಟ್_ಚೆಕ್" ಬರೆಯಿರಿ. ಗಿಲ್ ಇದ್ದರೆ 1, ಇಲ್ಲದಿದ್ದರೆ 0. ಸಬ್‌ಇಂಟರ್‌ಪ್ರಿಟರ್ (ಒಂದೇ ಪ್ರೋಗ್ರಾಂ ಒಳಗೆ ಇನ್ನೊಂದು ಪೈಥಾನ್) ಬಳಸುವ ಪ್ರೋಗ್ರಾಂನಲ್ಲಿ ಮಾತ್ರ ಇದನ್ನು ನಂಬಬೇಡಿ, ಅಲ್ಲಿ ಅದು ಯಾವಾಗಲೂ 1 ಎನ್ನುತ್ತದೆ.

ಇಷ್ಟಾದರೂ ಸಿಗದಿದ್ದರೆ ನಿಮ್ಮ ಸಿ ಕೋಡನ್ನು ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಸೌಲಭ್ಯ) ಜೊತೆ ಬಿಲ್ಡ್ ಮಾಡಿ. ಆಗ ಪೈಥಾನ್‌ಮ್ಯಾಲಕ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ "ಮ್ಯಾಲಕ್" ಎಂದು ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪೈಥಾನ್ ತನ್ನ ಸಣ್ಣ ವಸ್ತುಗಳನ್ನೆಲ್ಲ ದೊಡ್ಡ ತುಂಡುಗಳೊಳಗೆ ತಾನೇ ಹಂಚಿಕೊಳ್ಳುತ್ತದೆ, ಸ್ಯಾನಿಟೈಸರ್‌ಗೆ ಏನೂ ಕಾಣುವುದಿಲ್ಲ.

ಹಂತ 5: ಕಾರಣ ಗುರುತಿಸಿ, ಸರಿಪಡಿಸಿ

ಗಿಲ್ ತೆಗೆದುಕೊಳ್ಳದೇ ಕರೆದದ್ದು. ಮದ್ದು ಸರಳ:

    ಸ್ಥಿತಿ = ಪೈಗಿಲ್‌ಸ್ಟೇಟ್_ಎನ್‌ಶೂರ್();
    ಫಲ = ಪೈಆಬ್ಜೆಕ್ಟ್_ಕಾಲ್‌ಒನ್‌ಆರ್ಗ್(ಕಾಲ್‌ಬ್ಯಾಕ್, ಡೇಟಾ);
    ಫಲ ನಲ್ ಆಗಿದ್ದರೆ ಪೈಎರ್_ರೈಟ್‌ಅನ್‌ರೈಸಬಲ್(ಕಾಲ್‌ಬ್ಯಾಕ್);
    ಪೈ_ಎಕ್ಸ್‌ಡೆಕ್‌ರೆಫ್(ಫಲ);
    ಪೈಗಿಲ್‌ಸ್ಟೇಟ್_ರಿಲೀಸ್(ಸ್ಥಿತಿ);

ಎನ್‌ಶೂರ್ ಗಿಲ್ ತರುತ್ತದೆ, ದಾಖಲೆ ಇಲ್ಲದಿದ್ದರೆ ಹುಟ್ಟಿಸುತ್ತದೆ. 'ಡೇಟಾ' ಎಂಬ ಪೈಥಾನ್ ವಸ್ತುವನ್ನು ಕಟ್ಟುವುದೂ, ಆಮೇಲೆ ಅದರ ಎಣಿಕೆ ಇಳಿಸುವುದೂ ಎನ್‌ಶೂರ್, ರಿಲೀಸ್ ಸಾಲುಗಳ ನಡುವೆಯೇ ಆಗಬೇಕು. ನಡುವೆ ಎಲ್ಲೂ ರಿಟರ್ನ್ ಆಗದಂತೆ ನೋಡಿಕೊಳ್ಳಿ. ಮೂರನೇ ಸಾಲು ಸುಮ್ನೆ ಇಟ್ಟದ್ದಲ್ಲ. ಪೈಥಾನ್ ಎಕ್ಸೆಪ್ಷನ್ ಎದ್ದು ಯಾರೂ ತೆಗೆಯದೇ ಬಿಟ್ಟರೆ, ಅದು ಮುಂದೆ ಯಾವುದೋ ಕರೆಯಲ್ಲಿ ಅರ್ಥವಿಲ್ಲದ ಸಿಸ್ಟಂಎರರ್ ಆಗಿ ಏಳುತ್ತದೆ. ಪೈಬೈಂಡ್11 (ಸಿ++ ಕೋಡನ್ನು ಪೈಥಾನ್‌ಗೆ ಜೋಡಿಸುವ ಲೈಬ್ರರಿ) ಬಳಸುವವರಿಗೆ ಎನ್‌ಶೂರ್, ರಿಲೀಸ್ ಬದಲು ಗಿಲ್_ಸ್ಕೋಪ್ಡ್_ಅಕ್ವೈರ್ ಇದೆ. ಸೈಥಾನ್‌ನಲ್ಲಿ "ವಿತ್ ಗಿಲ್".

ಎನ್‌ಶೂರ್ ಬಗ್ಗೆ ಇನ್ನೊಂದು ಮಾತು. ಹೊರಗಿನ ಥ್ರೆಡ್ ರಿಲೀಸ್ ಮಾಡಿದಾಗ ಆ ದಾಖಲೆ ಅಳಿಯುತ್ತದೆ, ಮುಂದಿನ ಕರೆಗೆ ಹೊಸದು ಹುಟ್ಟುತ್ತದೆ. ಹಾಗಾಗಿ ಥ್ರೆಡಿಂಗ್.ಲೋಕಲ್‌ನಲ್ಲಿ ಇಟ್ಟದ್ದು ಎರಡು ಕಾಲ್‌ಬ್ಯಾಕ್ ನಡುವೆ ಮಾಯವಾಗುತ್ತದೆ. ಇದು ಕ್ರ್ಯಾಶ್ ಅಲ್ಲ, ಆದರೆ ತಲೆ ಕೆಡಿಸುತ್ತದೆ.

ಕಾಣದ ಎಣಿಕೆ ಬದಲಾವಣೆ. ಸಿ++ ಬರೆಯುವವರು ಹೆಚ್ಚು ಸಿಕ್ಕಿಬೀಳುವುದು ಇಲ್ಲಿ. ಕಾಲ್‌ಬ್ಯಾಕ್ ಕರೆಯುವಾಗ ಗಿಲ್ ತೆಗೆದುಕೊಂಡಿರುತ್ತಾರೆ, ಸರಿ. ಆದರೆ ಪೈಥಾನ್ ವಸ್ತುವನ್ನು ಒಂದು ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಒಳಗೆ ಹಿಡಿದಿರುತ್ತಾರೆ. ಆ ಲ್ಯಾಂಬ್ಡಾ ಕಾಪಿ ಆದರೆ ಎಣಿಕೆ ಏರುತ್ತದೆ. ಹೊರಗಿನ ಥ್ರೆಡ್ ಮುಗಿದಾಗ ಅದು ನಾಶವಾದರೆ ಎಣಿಕೆ ಇಳಿಯುತ್ತದೆ. ಎರಡೂ ಗಿಲ್ ಇಲ್ಲದೆ! ಕೋಡ್ ಓದಿದರೆ ಪೈಥಾನ್ ಹೆಸರೇ ಕಾಣುವುದಿಲ್ಲ. ಪೈಬೈಂಡ್11ರ 2.11 ಆವೃತ್ತಿಯಿಂದ ಡಿಬಗ್ ಬಿಲ್ಡ್‌ನಲ್ಲಿ ಇದನ್ನು ಅದೇ ಹಿಡಿಯುತ್ತದೆ. ಸರಿಪಡಿಸಲು ವಸ್ತುವನ್ನು ಶೇರ್ಡ್ ಪಾಯಿಂಟರ್ ಒಳಗೆ ಇಟ್ಟು, ಅಳಿಸುವ ಫಂಕ್ಷನ್ನಿನಲ್ಲಿ ಮೊದಲು ಗಿಲ್ ತೆಗೆದುಕೊಳ್ಳಿ. ಆಮೇಲೆ ಪಾಯಿಂಟರ್ ಎಷ್ಟು ಕಾಪಿ ಆದರೂ ಪೈಥಾನ್ ಎಣಿಕೆ ಅಲುಗುವುದಿಲ್ಲ.

ಸಿಟೈಪ್ಸ್ (ಸಿ ಲೈಬ್ರರಿಯನ್ನು ಪೈಥಾನ್‌ನಿಂದಲೇ ಕರೆಯುವ ಮಾಡ್ಯೂಲ್) ಬಳಸಿದ್ದರೆ. ಸಿಟೈಪ್ಸ್ ಕಾಲ್‌ಬ್ಯಾಕ್ ಗಿಲ್ಲನ್ನು ತಾನೇ ತೆಗೆದುಕೊಳ್ಳುತ್ತದೆ, ಆ ಅನುಮಾನ ಬಿಡಿ. ಇಲ್ಲಿ ಮೊದಲ ಆರೋಪಿ ಬೇರೆ. ಸಿಫಂಕ್‌ಟೈಪ್‌ನಿಂದ ಮಾಡಿದ ಕಾಲ್‌ಬ್ಯಾಕ್ ವಸ್ತುವನ್ನು ನೇರವಾಗಿ ಸಿ ಫಂಕ್ಷನ್ನಿಗೆ ಕೊಟ್ಟು, ಪೈಥಾನ್ ಕಡೆ ಯಾರೂ ಹಿಡಿದಿಟ್ಟುಕೊಳ್ಳದಿದ್ದರೆ ಅದು ಅಳಿದುಹೋಗುತ್ತದೆ. ಸಿ ಕಡೆ ಹಳೆಯ ವಿಳಾಸ ಹಾಗೇ ಉಳಿದಿರುತ್ತದೆ. ಸೆಲ್ಫ್.ಕಾಲ್‌ಬ್ಯಾಕ್ ಎಂದು ಹೆಸರು ಕೊಟ್ಟು ಉಳಿಸಿಕೊಳ್ಳಿ, ಅಷ್ಟು ಸಾಕು. ಎರಡನೇ ಆರೋಪಿ, ರೆಸ್‌ಟೈಪ್ (ಸಿ ಫಂಕ್ಷನ್ ಏನು ಬಗೆಯದನ್ನು ಹಿಂತಿರುಗಿಸುತ್ತದೆ ಎಂಬುದು) ಹೇಳದೇ ಬಿಟ್ಟದ್ದು. ಹೇಳದಿದ್ದರೆ ಸಿಟೈಪ್ಸ್ ಅದನ್ನು ಇಂಟ್ ಎಂದುಕೊಂಡು 64 ಬಿಟ್ ಪಾಯಿಂಟರ್‌ನ ಅರ್ಧ ಕತ್ತರಿಸುತ್ತದೆ. ಮೂರನೆಯದು ಬಫರ್. ಲೈಬ್ರರಿ ಕೊಡುವ ಡೇಟಾ ಪಾಯಿಂಟರ್ ಹೆಚ್ಚಾಗಿ ಕಾಲ್‌ಬ್ಯಾಕ್ ಮುಗಿಯುವವರೆಗೆ ಮಾತ್ರ ಜೀವಂತ. ಅದರ ಮೇಲೆ ನಂಪೈ ವ್ಯೂ ಮಾಡಿ ಲಿಸ್ಟಿಗೆ ಸೇರಿಸಿದರೆ ಗ್ರಾಫ್ ಬರೆಯುವಾಗ ಕಸ ಬರುತ್ತದೆ, ಇಲ್ಲವೇ ಕ್ರ್ಯಾಶ್. ಕಾಲ್‌ಬ್ಯಾಕ್ ಒಳಗೇ ಕಾಪಿ ಮಾಡಿ.

ಡೆಡ್‌ಲಾಕ್. ಸ್ಟಾಪ್ ಬಟನ್ ಒತ್ತಿದಾಗ ಮುಖ್ಯ ಥ್ರೆಡ್ ಗಿಲ್ ಹಿಡಿದುಕೊಂಡೇ ಹೊರಗಿನ ಥ್ರೆಡ್ ಮುಗಿಯಲಿ ಎಂದು ಜಾಯಿನ್‌ನಲ್ಲಿ ಕಾಯುತ್ತದೆ. ಆ ಥ್ರೆಡ್ ಎನ್‌ಶೂರ್‌ನಲ್ಲಿ ಗಿಲ್‌ಗಾಗಿ ಕಾಯುತ್ತದೆ. ಇಬ್ಬರೂ ಅಲ್ಲೇ. ಜಿಡಿಬಿಯಲ್ಲಿ ಒಬ್ಬರ ಸ್ಟ್ಯಾಕ್ ಮೇಲೆ ಟೇಕ್_ಗಿಲ್, ಇನ್ನೊಬ್ಬರ ಮೇಲೆ ಪಿಥ್ರೆಡ್ ಜಾಯಿನ್ ಕಂಡರೆ ಇದೇ. ಜಾಯಿನ್ ಮಾಡುವ ಸಾಲನ್ನು ಪೈ_ಬಿಗಿನ್_ಅಲೌ_ಥ್ರೆಡ್ಸ್, ಪೈ_ಎಂಡ್_ಅಲೌ_ಥ್ರೆಡ್ಸ್ ನಡುವೆ ಇಡಿ. ಸಿ ಪ್ರೋಗ್ರಾಂ ಒಳಗೆ ಪೈಥಾನ್ ಕೂರಿಸಿದವರು, ಪೈ_ಇನಿಶಿಯಲೈಸ್ ಆದ ಮೇಲೆ ಮುಖ್ಯ ಥ್ರೆಡ್ ಗಿಲ್ ಹಿಡಿದೇ ಇರುತ್ತದೆ ಎಂಬುದನ್ನು ನೆನಪಿಡಿ. ಪೈಇವಾಲ್_ಸೇವ್‌ಥ್ರೆಡ್ ಕರೆದು ಬಿಟ್ಟುಕೊಡಬೇಕು. ನಿಮ್ಮದೇ ಮ್ಯೂಟೆಕ್ಸ್ (ಲಾಕ್) ಇದ್ದರೆ ಅದನ್ನು ಹಿಡಿದುಕೊಂಡು ಎನ್‌ಶೂರ್ ಕರೆಯಬೇಡಿ.

ಮುಚ್ಚುವಾಗ ಮಾತ್ರ ಬೀಳುವುದು. ಪೈಥಾನ್ ಅಂಗಡಿ ಮುಚ್ಚುತ್ತಿರುವಾಗ ಕಾರ್ಡ್ ಇನ್ನೂ ಡೇಟಾ ಕಳಿಸುತ್ತಿದೆ. 3.13ರವರೆಗೆ, ಆ ಹೊತ್ತಿಗೆ ಗಿಲ್ ಕೇಳಿದ ಥ್ರೆಡ್ಡನ್ನು ಪೈಥಾನ್ ಪಿಥ್ರೆಡ್_ಎಕ್ಸಿಟ್‌ನಿಂದ ಮುಗಿಸುತ್ತಿತ್ತು. ಸಿ++ ಸ್ಟ್ಯಾಕ್ ನಡುವೆ ಹಾಗಾದರೆ ಟರ್ಮಿನೇಟ್ ಆಗಿ 134 ಬರುವುದುಂಟು. 3.14ರಿಂದ ಅಂಥ ಥ್ರೆಡ್ ಅಲ್ಲೇ ತೂಗಿಬೀಳುತ್ತದೆ, ಅದನ್ನು ಜಾಯಿನ್ ಮಾಡಲು ಹೋದವರೂ ಅಲ್ಲೇ. ಪೈಥಾನ್ ಜೀವಂತ ಇದೆಯೇ ಎಂದು ಮೊದಲು ಕೇಳಿ ಆಮೇಲೆ ಒಳಗೆ ಹೋಗುವ ಉಪಾಯ ಪೂರ್ತಿ ಕೆಲಸ ಮಾಡುವುದಿಲ್ಲ. ಕೇಳುವುದಕ್ಕೂ ಹೋಗುವುದಕ್ಕೂ ನಡುವೆಯೇ ಮುಚ್ಚಬಹುದು. ಕ್ರಮ ಒಂದೇ: ಕಾರ್ಡ್ ನಿಲ್ಲಿಸಿ, ಥ್ರೆಡ್ ಜಾಯಿನ್ ಮಾಡಿ, ಕಾಲ್‌ಬ್ಯಾಕ್ ಬಿಡಿ, ಆಮೇಲೆ ಪೈಥಾನ್ ಮುಚ್ಚಲಿ.

ಸಣ್ಣ ಸ್ಟ್ಯಾಕ್. ಇದನ್ನು ಯಾರೂ ಮೊದಲು ಅನುಮಾನಿಸುವುದಿಲ್ಲ. ಸಾಮಾನ್ಯ ಲಿನಕ್ಸ್‌ನಲ್ಲಿ ಥ್ರೆಡ್ ಸ್ಟ್ಯಾಕ್ ಹೆಚ್ಚಾಗಿ 8 ಎಂಬಿ. ಆಲ್ಪೈನ್ ಕಂಟೇನರ್‌ನ ಮಸಲ್ ಲೈಬ್ರರಿಯಲ್ಲಿ 128 ಕೆಬಿ. ಮ್ಯಾಕ್‌ನಲ್ಲಿ ಮುಖ್ಯವಲ್ಲದ ಥ್ರೆಡ್‌ಗೆ 512 ಕೆಬಿ. ಆಳವಾದ ಪೈಥಾನ್ ಕೋಡ್ ಇಂಥ ಥ್ರೆಡ್‌ನಲ್ಲಿ ಓಡಿದರೆ ಗಿಲ್ ಸರಿಯಿದ್ದರೂ ಬೀಳುತ್ತದೆ.

ಹಂತ 6: ಆಗುವುದಾದರೆ ಹೊರಗಿನ ಥ್ರೆಡ್ಡನ್ನು ಪೈಥಾನ್ ಒಳಗೆ ಬಿಡಲೇಬೇಡಿ

ನನ್ನ ಕೇಳಿದರೆ ವೇಗದ ಡೇಟಾಗೆ ಇದೇ ಸರಿಯಾದ ದಾರಿ. ಸಿ ಥ್ರೆಡ್ ಡೇಟಾವನ್ನು ಸಿಯದೇ ಒಂದು ರಿಂಗ್ ಬಫರ್‌ಗೆ (ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ ಬರೆಯುವ ಬಫರ್) ಹಾಕಿ, ಪೈಪ್‌ಗೆ ಒಂದು ಬೈಟ್ ಬರೆದು ಹಿಂತಿರುಗಲಿ. ಪೈಥಾನ್‌ನ ಸ್ವಂತ ಥ್ರೆಡ್ ಆ ಪೈಪ್ ಓದುತ್ತಾ, ಬಫರ್‌ನಿಂದ ಗುಂಪಾಗಿ ಎತ್ತಿಕೊಳ್ಳಲಿ.

ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 10,000 ಸ್ಯಾಂಪಲ್ ಬರುತ್ತಿದೆ. ಪೈಥಾನ್‌ನ ಇನ್ನೊಂದು ಥ್ರೆಡ್ ಲೆಕ್ಕದಲ್ಲಿ ಮುಳುಗಿದ್ದರೆ ಹೊರಗಿನ ಥ್ರೆಡ್ ಗಿಲ್‌ಗಾಗಿ 5 ಮಿಲಿಸೆಕೆಂಡ್ ಕಾಯಬಹುದು. ಅಷ್ಟರಲ್ಲಿ 50 ಸ್ಯಾಂಪಲ್ ಬಂದು ಬಾಗಿಲಲ್ಲಿ ನಿಂತಿರುತ್ತವೆ. ಕಾರ್ಡ್ ಬಫರ್ ಸಣ್ಣದಾದರೆ ಓವರ್‌ಫ್ಲೋ. ಪಂಪ್‌ನ ಪ್ರೆಷರ್ ಏರುವ ಕ್ಷಣವೇ ಗ್ರಾಫ್‌ನಲ್ಲಿ ಇರುವುದಿಲ್ಲ. ಗಿಲ್ ಸರಿಯಾಗಿ ತೆಗೆದುಕೊಂಡರೂ ಈ ತೊಂದರೆ ಇದ್ದೇ ಇರುತ್ತದೆ.

ಬೇರೆ ಭಾಷೆಗಳಲ್ಲೂ ನಿಯಮ ಬದಲಾಗುವುದಿಲ್ಲ, ಹೆಸರು ಬದಲಾಗುತ್ತದೆ. ನೋಡ್‌ನಲ್ಲಿ ಥ್ರೆಡ್‌ಸೇಫ್ ಫಂಕ್ಷನ್ ಎಂಬ ನೋಡ್-ಎಪಿಐ ಸೌಲಭ್ಯ ಇದೆ. ಲುವಾದಲ್ಲಿ ಒಂದು ಲುವಾ ಸ್ಟೇಟನ್ನು ಎರಡು ಥ್ರೆಡ್ ಒಟ್ಟಿಗೆ ಮುಟ್ಟುವಂತಿಲ್ಲ. ರೂಬಿಯಂತೂ ರೂಬಿಯಲ್ಲದ ಥ್ರೆಡ್ ಜಿವಿಎಲ್ (ರೂಬಿಯ ಗಿಲ್) ಕೇಳಿದರೆ ಬಗ್ ಎಂದು ಮುಖಕ್ಕೇ ಹೇಳಿ ನಿಲ್ಲುತ್ತದೆ. ಅಲ್ಲೆಲ್ಲ ಈ ಪೈಪ್ ದಾರಿಯೇ ಸುಲಭ.

"ಗಿಲ್ ಇಲ್ಲದ ಪೈಥಾನ್ ಬಂತಲ್ಲ, ಇದೆಲ್ಲ ಯಾಕೆ?" ಎನ್ನುವವರಿದ್ದಾರೆ. 3.13ರಲ್ಲಿ ಪ್ರಯೋಗವಾಗಿ ಬಂದ ಆ ಬಿಲ್ಡ್‌ಗೆ 3.14ರಲ್ಲಿ ಅಧಿಕೃತ ಬೆಂಬಲ ಸಿಕ್ಕಿದೆ, ಸರಿ. ಆದರೂ ಅದು ಬೇರೆಯದೇ ಬಿಲ್ಡ್. ಅಲ್ಲೂ ಹೊರಗಿನ ಥ್ರೆಡ್‌ಗೆ ಥ್ರೆಡ್ ಸ್ಟೇಟ್ ಬೇಕು, ಎನ್‌ಶೂರ್ ಕರೆಯಲೇಬೇಕು.

ಹಂತ 7: ಸರಿಯಾಯಿತು ಎಂದು ಖಾತ್ರಿ ಮಾಡಿಕೊಳ್ಳಿ

ಹಂತ 4ರ ನಕಲಿ ಲೈಬ್ರರಿಯನ್ನು ಎಸೆಯಬೇಡಿ. ಸರಿಪಡಿಸಿದ ಕೋಡನ್ನು ಅದರ ಜೊತೆ "-ಎಕ್ಸ್ ಡೆವ್" ಹಾಕಿ ಒಂದು ರಾತ್ರಿ ಓಡಿಸಿ. ಆಮೇಲೆ ಸರಿಪಡಿಸಿದ ಸಾಲನ್ನು ತೆಗೆದು ಮತ್ತೆ ಓಡಿಸಿ. ಕ್ರ್ಯಾಶ್ ವಾಪಸ್ ಬರಬೇಕು. ಬರದಿದ್ದರೆ ನೀವು ಮುಚ್ಚಿದ್ದು ಬೇರೆ ತೂತು, ಹಂತ 3ಕ್ಕೆ ಹಿಂತಿರುಗಿ. ನೂರು ಸಲ ಶುರು ಮಾಡಿ ನಿಲ್ಲಿಸುವ ಒಂದು ಸಣ್ಣ ಸ್ಕ್ರಿಪ್ಟ್ ಕೂಡ ಬರೆಯಿರಿ. ಮುಚ್ಚುವಾಗಿನ ಬಗ್‌ಗಳು ಅದರಲ್ಲಿ ಮಾತ್ರ ಸಿಗುತ್ತವೆ.

ಬೆಂಚ್ ಪಿಸಿಯಲ್ಲಿ "-ಎಕ್ಸ್ ಡೆವ್" ತೆಗೆಯಿರಿ, ನಿಧಾನವಾಗುತ್ತದೆ. ಫಾಲ್ಟ್‌ಹ್ಯಾಂಡ್ಲರ್ ಮತ್ತು ಅದರ ಲಾಗ್ ಫೈಲ್ ಹಾಗೇ ಇರಲಿ. ಆ ಫೈಲ್ ಎಲ್ಲಿದೆ ಎಂದು ಆಪರೇಟರ್‌ಗೂ ತೋರಿಸಿ ಬನ್ನಿ.